ಬಾದಾಮಿ ಗುಡ್ಡದ ಸಂಜೆ ಬೆಳಕು: ನಿಲ್ಲುವ ಜಾಗದಿಂದ ಎಡಿಟಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಸಂಜೆ ಬಾದಾಮಿಗೆ ಹೋಗಿ ಬಂದವರ ಫೋಟೊಗಳನ್ನು ನೋಡಿ. ಆಕಾಶ ಚೆನ್ನಾಗಿ ಬಂದಿರುತ್ತದೆ, ಗುಡ್ಡ ಕರ್ರಗಾಗಿರುತ್ತದೆ. ಇಲ್ಲಾಂದ್ರೆ ಗುಡ್ಡ ಕಾಣುತ್ತದೆ, ಆಕಾಶ ಬೆಳ್ಳಗೆ ಬೋಳಾಗಿರುತ್ತದೆ. ಇದನ್ನು ಸರಿ ಮಾಡಲು ಹೋಗಿ ಎಡಿಟಿಂಗ್‌ನಲ್ಲಿ ಬಣ್ಣ ಏರಿಸಿದರೆ ಬಂಡೆಯ ಮೇಲೆ ಕುಂಕುಮ ಎರಚಿದ ಹಾಗೆ ಆಗುತ್ತದೆ. ಕಲ್ಲಿನ ಗೆರೆ, ಪದರ, ನೀರು ಹರಿದ ಕಪ್ಪು ಕಲೆ ಎಲ್ಲವೂ ಮಾಯ.

ದುಬಾರಿ ಕ್ಯಾಮೆರಾ ತಂದರೂ ಈ ತಪ್ಪು ಹೋಗುವುದಿಲ್ಲ. ಯಾವ ಕಡೆ ಮುಖ ಮಾಡಿ ನಿಲ್ಲಬೇಕು, ಎಷ್ಟು ಹೊತ್ತಿಗೆ ನಿಲ್ಲಬೇಕು, ಬೆಳಕನ್ನು ಎಲ್ಲಿಗೆ ಅಳೆಯಬೇಕು ಅನ್ನೋದು ಗೊತ್ತಿರಬೇಕು. ಫೋನಿನಲ್ಲಿ ತೆಗೆಯುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಎಲ್ಲಿ ಬೇರೆ ದಾರಿ ಬೇಕೋ ಅಲ್ಲಿ ಹೇಳಿದ್ದೇನೆ.

ಮೊದಲು ಚೀಲ ತುಂಬಿ

ಕ್ಯಾಮೆರಾ ಇದ್ದರೆ ಒಂದು ಸಾಧಾರಣ ಜೂಮ್ ಲೆನ್ಸ್ (24-70 ಎಂಎಂ ತರಹದ್ದು) ಸಾಕು. 70-200 ಇದ್ದರೆ ಇನ್ನೂ ಒಳ್ಳೇದು. ದೂರದ ಬಂಡೆಯ ಒಂದು ತುಂಡನ್ನು ಬಿಡಿಸಿ ತೆಗೆಯಲು ಅದೇ ಬೇಕು. ಟ್ರೈಪಾಡ್, ತುಂಬಿದ ಬ್ಯಾಟರಿ, ಲೆನ್ಸ್ ಒರೆಸಲು ಮೆತ್ತನೆಯ ಬಟ್ಟೆ, ಗಾಳಿ ಊದುವ ಬ್ಲೋವರ್, ಇಳಿಯುವಾಗ ಬೇಕಾಗುವ ಟಾರ್ಚ್. ಇಷ್ಟು ಮರೆಯಬೇಡಿ.

ಬಾದಾಮಿಯಲ್ಲಿ ಕೋತಿಗಳ ಕಾಟ ಜಾಸ್ತಿ. ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಂಡರೆ ತಿಂಡಿ ಅಂತಲೇ ಲೆಕ್ಕ ಹಾಕಿ ಕಸಿಯುತ್ತವೆ. ತಿನ್ನುವುದನ್ನು ತರಬೇಡಿ, ಲೆನ್ಸ್ ಕ್ಯಾಪ್ ಮತ್ತು ಫಿಲ್ಟರ್‌ಗಳನ್ನು ಜಿಪ್ ಇರುವ ಖಾನೆಯಲ್ಲಿಡಿ, ಬ್ಯಾಗ್ ತೆರೆದು ಪಕ್ಕಕ್ಕೆ ಇಡಬೇಡಿ.

ಟ್ರೈಪಾಡ್ ಬಗ್ಗೆ ಒಂದು ಮಾತು. ಪುರಾತತ್ವ ಇಲಾಖೆಯ ಸ್ಮಾರಕದ ಆವರಣದೊಳಗೆ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. ಡ್ರೋನ್ ಹಾರಿಸಲೂ ಅಷ್ಟೇ. ಅನುಮತಿ ಇಲ್ಲದಿದ್ದರೆ ಒಳಗೆ ಕೈಯಲ್ಲೇ ಹಿಡಿದು ತೆಗೆಯಿರಿ. ಗೇಟಿನಲ್ಲಿರುವ ಸಿಬ್ಬಂದಿಯ ಜೊತೆ ವಾದಕ್ಕೆ ನಿಂತರೆ ಹೋಗುವುದು ನಿಮ್ಮ ಬೆಳಕೇ.

ಹಂತ 1: ದಿನ ಮತ್ತು ಹೊತ್ತು ಗೊತ್ತು ಮಾಡಿ

ಹೊತ್ತು ಮುಳುಗುವ ಸಮಯ ಬಾದಾಮಿಯಲ್ಲಿ ವರ್ಷದುದ್ದಕ್ಕೂ ಒಂದು ಗಂಟೆಗೂ ಜಾಸ್ತಿ ಹಿಂದೆ ಮುಂದೆ ಆಗುತ್ತದೆ. ನವೆಂಬರ್ ಮಧ್ಯದಲ್ಲಿ ಸುಮಾರು 5.50. ಜನವರಿ ಮಧ್ಯದಲ್ಲಿ 6.15ರ ಆಸುಪಾಸು. ಮಾರ್ಚ್ ಕೊನೆಗೆ 6.40. ಜೂನ್ ಕೊನೆಗೆ 7 ಗಂಟೆ. ಹೋಗುವ ದಿನದ ನಿಖರ ಸಮಯವನ್ನು ಫೋನಿನ ಹವಾಮಾನ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಆದರೆ ಆ ಸಮಯಕ್ಕೆ ಸರಿಯಾಗಿ ಅಲ್ಲಿಗೆ ಹೋದರೆ ತಡವಾಯಿತು ಅಂತಲೇ ಅರ್ಥ. ಚಿನ್ನದ ಬಣ್ಣದ ಬೆಳಕಿಗೆ ಗೋಲ್ಡನ್ ಅವರ್ ಅಂತ ಹೆಸರು, ಅಂದರೆ ಒಂದು ಗಂಟೆ ಸಿಗುತ್ತದೆ ಅಂತ ಜನ ನಂಬುತ್ತಾರೆ. ನಮ್ಮಲ್ಲಿ ಅಷ್ಟು ಸಿಗುವುದಿಲ್ಲ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರುವುದು ಕಡಿಮೆ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. 6 ಡಿಗ್ರಿ ಎತ್ತರದಿಂದ ದಿಗಂತದ ಅಂಚು ಮುಟ್ಟಲು 25 ನಿಮಿಷ ಸಾಕು. ನಿಮಗೆ ಸಿಗುವ ಒಳ್ಳೇ ಬೆಳಕು ಅಷ್ಟೇ.

ಕೈ ಪೂರ್ತಿ ಮುಂದೆ ಚಾಚಿ, ಬೆರಳುಗಳನ್ನು ಅಡ್ಡ ಮಾಡಿ, ಸೂರ್ಯನ ಕೆಳಗೆ ಅಂಚಿನವರೆಗೆ ಎಷ್ಟು ಬೆರಳು ಹಿಡಿಸುತ್ತದೆ ಅಂತ ಅಳೆಯಬಹುದು. ಒಂದು ಬೆರಳಿಗೆ ಕಾಲು ಗಂಟೆ ಅಂತ ಹಲವರು ಹೇಳುತ್ತಾರೆ. ಅದನ್ನು ಇಲ್ಲಿ ನಂಬಬೇಡಿ. ಒಂದು ಬೆರಳಿನ ದಪ್ಪ ಸುಮಾರು 2 ಡಿಗ್ರಿ, ಅಷ್ಟು ಇಳಿಯಲು ನಮ್ಮ ಸೂರ್ಯನಿಗೆ 8 ನಿಮಿಷ ಸಾಕು. ಅಳೆಯುವಾಗ ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನ ಮರೆಯಲ್ಲಿಡಿ.

ಕಾಲದ ಆಯ್ಕೆಗೆ ಬಂದರೆ, ಮಳೆಗಾಲ ಮುಗಿದ ಮೇಲಿನ ದಿನಗಳಿಗೆ ನನ್ನ ಮತ. ಗಾಳಿ ತೊಳೆದಂತಿರುತ್ತದೆ, ಗುಡ್ಡಗಳ ನಡುವಿನ ಅಗಸ್ತ್ಯ ಹೊಂಡದಲ್ಲಿ ನೀರಿರುತ್ತದೆ, ಆಕಾಶದಲ್ಲಿ ಬಿಡಿ ಮೋಡ ಇರುತ್ತದೆ. ಬೇಸಿಗೆಯಲ್ಲಿ ಧೂಳಿನ ಮಬ್ಬು ಜಾಸ್ತಿ, ನೀರೂ ಇಳಿದಿರುತ್ತದೆ. ಮೋಡ ಒಂದೂ ಇಲ್ಲದ ದಿನ ಆಕಾಶ ಸಪ್ಪೆ ಅನ್ನಿಸಬಹುದು, ಆದರೆ ಬಂಡೆಗೆ ಅದೇ ಒಳ್ಳೇ ದಿನ. ಪಶ್ಚಿಮದ ಅಂಚಿನಲ್ಲಿ ದಪ್ಪ ಮೋಡದ ಗೋಡೆ ಎದ್ದಿದ್ದರೆ ಮಾತ್ರ ಎಚ್ಚರ. ಸೂರ್ಯ ಅದರ ಹಿಂದೆ ಸರಿದ ಕೂಡಲೇ ಆಟ ಮುಗಿಯಿತು. ಅಂಥ ದಿನ ಇನ್ನೂ ಅರ್ಧ ಗಂಟೆ ಮೊದಲೇ ಶುರು ಮಾಡಿ.

ಹಂತ 2: ಸೂರ್ಯನಿಗೆ ಬೆನ್ನು ಕೊಡಿ

ಎಲ್ಲರೂ ಎಡವುವುದು ಇಲ್ಲೇ. ಸೂರ್ಯಾಸ್ತ ಅಂದ ಕೂಡಲೇ ಸೂರ್ಯನ ಕಡೆ ತಿರುಗುತ್ತೇವೆ. ನಿಮಗೆ ಬೇಕಾದದ್ದು ಸೂರ್ಯನೋ ಗುಡ್ಡವೋ? ಗುಡ್ಡ ಬೇಕಿದ್ದರೆ ಬೆಳಕು ಗುಡ್ಡದ ಮುಖಕ್ಕೆ ಬೀಳುವಂತೆ ನಿಲ್ಲಬೇಕು. ಅಂದರೆ ಸೂರ್ಯ ನಿಮ್ಮ ಬೆನ್ನಿಗೋ, ಹೆಗಲಿಗೋ ಇರಬೇಕು.

ಬಾದಾಮಿಯ ಜಾಗದ ರಚನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಗಸ್ತ್ಯ ಹೊಂಡದ ಉತ್ತರಕ್ಕೊಂದು ಗುಡ್ಡ, ದಕ್ಷಿಣಕ್ಕೊಂದು ಗುಡ್ಡ. ಪಶ್ಚಿಮಕ್ಕೆ ಊರು. ಪೂರ್ವದ ದಂಡೆಯಲ್ಲಿ ಭೂತನಾಥ ಗುಡಿ, ಅದರ ಹಿಂದೆ ಕೆಂಪು ಬಂಡೆ. ಸಂಜೆ ಬೆಳಕು ಊರಿನ ಕಡೆಯಿಂದ ಬಂದು ನೀರಿನ ಮೇಲೆ ಹಾಯ್ದು ಭೂತನಾಥನ ಕಡೆ ಬೀಳುತ್ತದೆ. ಹಾಗಾಗಿ ಹೊಂಡದ ಪಶ್ಚಿಮ ದಂಡೆಯ ಮೆಟ್ಟಿಲ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಗುಡಿ, ಬಂಡೆ, ನೀರಿನಲ್ಲಿ ಅದರ ಬಿಂಬ ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಮೊದಲ ಸಲ ಪ್ರಯತ್ನಿಸುವವರು ಬೇರೆಲ್ಲೂ ಅಲೆಯದೆ ಇಲ್ಲೇ ನಿಲ್ಲಿ.

ಎರಡನೇ ಸಂಗತಿ, ಸೂರ್ಯ ಪ್ರತಿ ದಿನ ಒಂದೇ ಕಡೆ ಮುಳುಗುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೇ ವಾರದಲ್ಲಿ ನೇರ ಪಶ್ಚಿಮಕ್ಕೆ. ಡಿಸೆಂಬರ್ ಕೊನೆಗೆ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಎರಡೂವರೆ ಮುಷ್ಟಿಯಷ್ಟು ಆಚೆ ಈಚೆ. ಇದರಿಂದ ಏನಾಗುತ್ತದೆ ಅಂದ್ರೆ, ಚಳಿಗಾಲದಲ್ಲಿ ಉತ್ತರ ಗುಡ್ಡದ ಹೊಂಡದ ಕಡೆಯ ಮುಖಕ್ಕೆ ಒಳ್ಳೇ ಬೆಳಕು ಸಿಗುತ್ತದೆ. ಗುಹೆಗಳಿರುವ ದಕ್ಷಿಣ ಗುಡ್ಡದ ಹೊಂಡದ ಕಡೆಯ ಮುಖ ಆಗ ನೆರಳಿನಲ್ಲೇ ಇರುತ್ತದೆ. ಅದಕ್ಕೆ ಸಂಜೆ ಬಿಸಿಲು ತಾಗಬೇಕಾದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ದಿನಗಳು ಬೇಕು. ಡಿಸೆಂಬರ್‌ನಲ್ಲಿ ಬಂದು ಗುಹೆಗಳ ಗುಡ್ಡ ಕಪ್ಪಾಗಿ ಬಂತು ಅಂತ ಕ್ಯಾಮೆರಾವನ್ನು ಬೈಯಬೇಡಿ.

ಗುಹೆಗಳ ಮುಂದಿನ ಕಟ್ಟೆಯಿಂದ ಹೊಂಡ ಮತ್ತು ಎದುರಿನ ಗುಡ್ಡ ಎತ್ತರದಿಂದ ಕಾಣುತ್ತವೆ. ನೋಟ ಚೆಂದ, ಆದರೆ ಸಂಜೆ ಎಷ್ಟು ಹೊತ್ತಿಗೆ ಹೊರಗೆ ಕಳಿಸುತ್ತಾರೆ ಅಂತ ಟಿಕೆಟ್ ಕೌಂಟರ್‌ನಲ್ಲೇ ಕೇಳಿ. ಬೆಳಕು ಕೆಂಪಾಗುವ ಹೊತ್ತಿಗೆ ಗೇಟು ಮುಚ್ಚುವ ಹಾಗಿದ್ದರೆ ಅಲ್ಲಿ 5 ಗಂಟೆಯ ಚಿತ್ರಗಳನ್ನು ತೆಗೆದು ಮುಗಿಸಿ, ಹೊಂಡದ ದಂಡೆಗೆ ಇಳಿದುಬಿಡಿ. ಉತ್ತರ ಗುಡ್ಡದ ಮೇಲಿನ ಶಿವಾಲಯದಿಂದ ಊರು, ಪಶ್ಚಿಮದ ಬಯಲು ಕಾಣುತ್ತದೆ. ಸೂರ್ಯನಿಗೆ ಎದುರಾಗಿ ನೆರಳು ಚಿತ್ರ ತೆಗೆಯುವ ಆಸೆ ಇದ್ದವರಿಗೆ ಅದು. ಅಲ್ಲೂ ಹೊತ್ತಿನ ಮಿತಿ ಕೇಳಿಕೊಳ್ಳಿ. ಬೀಗ ಹಾಕಿದ ಗೇಟು, ಕಟ್ಟೆ ಇಲ್ಲದ ಬಂಡೆಯ ಅಂಚು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು, ಇವುಗಳ ಹತ್ತಿರ ಹೋಗಬೇಡಿ. ಕ್ಯಾಮೆರಾದ ಪರದೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುವುದು ಎಲ್ಲಕ್ಕಿಂತ ಅಪಾಯ.

ಹಂತ 3: ಒಂದೂವರೆ ಗಂಟೆ ಮೊದಲೇ ಚೌಕಟ್ಟು ಕಟ್ಟಿ

ಬೇಗ ಹೋಗಿ ಸುಮ್ನೆ ಕೂರಬೇಡಿ. ಬರಿಗಣ್ಣಿನಲ್ಲಿ ದಂಡೆಯ ಉದ್ದಕ್ಕೂ ನಡೆಯಿರಿ. ಎರಡು ಹೆಜ್ಜೆ ಎಡಕ್ಕೆ ಹೋದರೆ ವಿದ್ಯುತ್ ತಂತಿ ಮರೆಯಾಗುತ್ತದೆ, ಮೆಟ್ಟಿಲ ಮೇಲೆ ಕೂತರೆ ಬಿಂಬ ಉದ್ದವಾಗುತ್ತದೆ. ಇಂಥವನ್ನು ಆಗಲೇ ಹುಡುಕಿಟ್ಟುಕೊಳ್ಳಿ. ಕೊನೇ ಹತ್ತು ನಿಮಿಷದಲ್ಲಿ ಜಾಗ ಹುಡುಕಲು ಹೊರಟವರಿಗೆ ಓಡಾಟವೇ ಆಗುತ್ತದೆ.

ಹೊಂಡದ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವವರು, ಒಣಗಲು ಹರಡಿದ ಸೀರೆಗಳು, ಬಣ್ಣದ ಕೊಡಗಳು ಇರುತ್ತವೆ. ಅವು ಚಿತ್ರಕ್ಕೆ ಜೀವ ಕೊಡುತ್ತವೆ. ಆದರೆ ಮುಖ ಕಾಣುವಂತೆ ತೆಗೆಯುವ ಮೊದಲು ಕೇಳಲೇಬೇಕು. "ಅಕ್ಕಾರ, ಒಂದ್ ಫೋಟೊ ತಗೀಲೇನ್ರಿ?" ಅಂದರೆ ಸಾಕು. ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಸಿ.

ಆಕಾಶ ಮತ್ತು ಬಂಡೆಯಲ್ಲಿ ಯಾವುದಕ್ಕೆ ಜಾಗ ಜಾಸ್ತಿ ಅಂತ ಈಗಲೇ ತೀರ್ಮಾನಿಸಿ. ಆಕಾಶ ಖಾಲಿ ಇದ್ದರೆ ಒಂದು ಪಟ್ಟಿಯಷ್ಟು ಬಿಟ್ಟು ಉಳಿದದ್ದನ್ನು ಬಂಡೆ, ನೀರಿಗೆ ಕೊಡಿ. ಬಿಂಬ ಬೇಕಾದರೆ ಗಾಳಿ ಇಲ್ಲದ ಹೊತ್ತು ಕಾಯಬೇಕು.

ಇನ್ನೊಂದು ಕೆಲಸ ಇದೆ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಬಂದ ಕೂಡಲೇ, ಬೆಳಕು ಇನ್ನೂ ಬಿಳಿ ಇರುವಾಗಲೇ, ಅದೇ ಬಂಡೆಯ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕಲ್ಲಿನ ನಿಜವಾದ ಬಣ್ಣ ಎಷ್ಟು ಕೆಂಪು ಅನ್ನೋದಕ್ಕೆ ಅದೇ ಸಾಕ್ಷಿ. ರಾತ್ರಿ ಎಡಿಟಿಂಗ್‌ಗೆ ಕೂತಾಗ ಇದು ಬೇಕಾಗುತ್ತದೆ.

ಹಂತ 4: ಕ್ಯಾಮೆರಾ ಸಿದ್ಧ ಮಾಡಿ

ಫೈಲ್: ರಾ (ಕ್ಯಾಮೆರಾ ಕಂಡದ್ದನ್ನೆಲ್ಲ ತಿದ್ದದೆ ಉಳಿಸುವ ಫೈಲ್) ಮತ್ತು ಜೆಪೆಗ್ (ಕ್ಯಾಮೆರಾವೇ ತಿದ್ದಿ, ಹಿಂಡಿ ಕೊಡುವ ಫೈಲ್) ಎರಡೂ ಉಳಿಯುವಂತೆ ಇಡಿ. ಬರೀ ಜೆಪೆಗ್ ಇದ್ದರೆ ಮುಂದಿನ ಅರ್ಧ ಮಾರ್ಗದರ್ಶಿ ನಿಮಗೆ ಕೆಲಸಕ್ಕೆ ಬರುವುದಿಲ್ಲ.

ಬೆಳಕಿನ ರಂಧ್ರ (ಅಪರ್ಚರ್): ಎಫ್/8. ಅಂಕಿ ದೊಡ್ಡದಾದಷ್ಟೂ ರಂಧ್ರ ಸಣ್ಣದು. ಎಫ್/11ರವರೆಗೆ ಹೋಗಬಹುದು. ಜಾಸ್ತಿ ಚೂಪು ಸಿಗಲಿ ಅಂತ ಎಫ್/22ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ (ಸಣ್ಣ ರಂಧ್ರದಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ): ಟ್ರೈಪಾಡ್ ಇದ್ದರೆ 100. ಕೈಯಲ್ಲಿ ಹಿಡಿದರೆ ಶಟರ್ ವೇಗ (ಬೆಳಕು ಒಳಬರಲು ಕಿಂಡಿ ತೆರೆದಿರುವ ಹೊತ್ತು) ಲೆನ್ಸಿನ ಅಳತೆಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. 50 ಎಂಎಂ ಲೆನ್ಸಿಗೆ ಸೆಕೆಂಡಿನ 50ನೇ ಒಂದು ಭಾಗ, 200 ಎಂಎಂಗೆ 200ನೇ ಒಂದು ಭಾಗ. ಅದಕ್ಕಾಗಿ ಐಎಸ್‌ಒ 400, 800 ಆದರೂ ಪರವಾಗಿಲ್ಲ. ಸ್ವಲ್ಪ ಕಾಳು ಕಾಳಾಗಿ ಬಂದದ್ದನ್ನು ಸರಿಪಡಿಸಬಹುದು, ಅಲುಗಿದ್ದನ್ನು ಆಗುವುದಿಲ್ಲ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ): ಆಟೊ ಬೇಡ. ಕ್ಯಾಮೆರಾಕ್ಕೆ ಹಳದಿ ಬೆಳಕು ತಪ್ಪು ಅಂತ ಕಾಣುತ್ತದೆ, ಅದನ್ನು ತೊಳೆದು ಬಿಳಿ ಮಾಡಲು ನೋಡುತ್ತದೆ. ನೀವು ಬಂದಿರುವುದೇ ಆ ಹಳದಿಗಾಗಿ ಅಲ್ವಾ? ಡೇಲೈಟ್‌ಗೆ ಇಟ್ಟು ಬಿಡಿ.

ಫೋಕಸ್: ಗುಡ್ಡದ ಮೇಲೆ ಗುಡಿಯ ಅಂಚೋ, ಬಂಡೆಯ ಬಿರುಕೋ ಹುಡುಕಿ, ಪರದೆಯಲ್ಲಿ ದೊಡ್ಡದು ಮಾಡಿ ಫೋಕಸ್ ಹಿಡಿದು, ಮ್ಯಾನುಯಲ್‌ಗೆ ತಿರುಗಿಸಿ. ಬೆಳಕು ಕಡಿಮೆಯಾದಾಗ ಆಟೊಫೋಕಸ್ ಹಿಂದೆ ಮುಂದೆ ಓಡಾಡುವ ತಾಪತ್ರಯ ಹೋಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 24 ಎಂಎಂ, ಎಫ್/8 ಇದ್ದರೆ ದೂರದ ಗುಡ್ಡಕ್ಕೆ ಫೋಕಸ್ ಮಾಡಿದರೂ ಎರಡೂವರೆ ಮೀಟರ್‌ನಿಂದ ಆಚೆಗಿನ ಎಲ್ಲವೂ ಸಾಕಷ್ಟು ಚೂಪಾಗಿ ಬರುತ್ತದೆ. ಕಾಲಬುಡದ ಮೆಟ್ಟಿಲನ್ನು ಚೌಕಟ್ಟಿಗೆ ಸೇರಿಸುವವರು ಮಾತ್ರ ಸ್ವಲ್ಪ ಹತ್ತಿರಕ್ಕೆ ತರಬೇಕು.

ಪೋಲರೈಸರ್ ಫಿಲ್ಟರ್ (ನೀರು, ಗಾಜಿನ ಹೊಳಪು ತಗ್ಗಿಸುವ ಗಾಜು) ಹಾಕಿಕೊಂಡು ಬಂದಿದ್ದರೆ ತೆಗೆದಿಡಿ. ಸೂರ್ಯ ಬೆನ್ನಿಗಿದ್ದಾಗ ಆಕಾಶಕ್ಕೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ನೀರಿನ ಬಿಂಬವನ್ನು ಅದು ಅಳಿಸಿಬಿಡುವ ಸಾಧ್ಯತೆಯೇ ಹೆಚ್ಚು.

ಟ್ರೈಪಾಡ್ ಮೇಲೆ 2 ಸೆಕೆಂಡಿನ ಟೈಮರ್ ಇಡಿ. ಬೆರಳು ಒತ್ತಿದ ನಡುಕ ಅಷ್ಟರಲ್ಲಿ ನಿಲ್ಲುತ್ತದೆ. ಹಳೆಯ ಲೆನ್ಸುಗಳಲ್ಲಿ ಸ್ಟೆಬಿಲೈಸೇಶನ್ (ನಡುಕ ತಡೆಯುವ ಸೌಲಭ್ಯ) ಆಫ್ ಮಾಡುವುದು ಒಳ್ಳೇದು.

ಫೋನಿನವರಿಗೆ: ಮೊದಲು ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಎಣ್ಣೆ ಜಿಡ್ಡು ಇದ್ದೇ ಇರುತ್ತದೆ, ಸಂಜೆ ಬೆಳಕಿನಲ್ಲಿ ಅದು ಮಬ್ಬು ಪಟ್ಟೆಯಾಗಿ ಕಾಣುತ್ತದೆ. 1ಎಕ್ಸ್ ಲೆನ್ಸ್ ಬಳಸಿ. ಎರಡು ಬೆರಳಿನಿಂದ ಎಳೆದು ಜೂಮ್ ಮಾಡಬೇಡಿ, ಬೇಕಾದರೆ ಆಮೇಲೆ ಕತ್ತರಿಸಿ. ಬಿಸಿಲು ಬಿದ್ದ ಬಂಡೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಗೆ ಎಳೆದು ಸ್ವಲ್ಪ ಕಡಿಮೆ ಮಾಡಿ. ಪ್ರೊ ಮೋಡ್‌ನಲ್ಲಿ ರಾ ಸಿಗುತ್ತದಾದರೆ ಅದನ್ನೇ ಬಳಸಿ.

ಹಂತ 5: ಕೆಂಪು ಚಾನೆಲ್ ಕಾಯಿರಿ

ಇಡೀ ಕೆಲಸದಲ್ಲಿ ಒಂದೇ ಒಂದು ಹಂತವನ್ನು ಮನಸ್ಸಿಟ್ಟು ಕಲಿಯುವುದಾದರೆ ಇದನ್ನು ಕಲಿಯಿರಿ.

ಪ್ರತಿ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ (ಚಾನೆಲ್) ಇರುತ್ತವೆ. ಬಾದಾಮಿಯ ಮರಳುಗಲ್ಲು ಮೊದಲೇ ಕೆಂಪು. ಅದರ ಮೇಲೆ ಸಂಜೆಯ ಕೆಂಪು ಬೆಳಕು ಬಿದ್ದರೆ ಕೆಂಪು ಪದರ ಉಳಿದೆರಡಕ್ಕಿಂತ ತುಂಬಾ ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ ಅಲ್ಲಿ ಹೆಚ್ಚು ಕೆಂಪು, ಕಡಿಮೆ ಕೆಂಪು ಅನ್ನುವ ವ್ಯತ್ಯಾಸವೇ ದಾಖಲಾಗುವುದಿಲ್ಲ. ಕಲ್ಲಿನ ಓರೆ ಗೆರೆಗಳು ಕಾಣುವುದು ಆ ವ್ಯತ್ಯಾಸದಿಂದಲೇ. ಅದು ಹೋದರೆ ಬಂಡೆ ಬಣ್ಣ ಬಳಿದ ತಗಡಾಗುತ್ತದೆ.

ಕ್ಯಾಮೆರಾ ಇದನ್ನು ಹೇಳುವುದಿಲ್ಲವೇ? ಸಾಮಾನ್ಯವಾಗಿ ಕಾಣುವ ಬಿಳಿ ಹಿಸ್ಟೋಗ್ರಾಮ್ (ಎಡಗಡೆ ಕತ್ತಲು, ಬಲಗಡೆ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಹೇಳುವುದಿಲ್ಲ. ಅದು ಮೂರೂ ಪದರ ಸೇರಿಸಿ ಲೆಕ್ಕ ಹಾಕುತ್ತದೆ, ಅದರಲ್ಲಿ ಹಸಿರಿನ ತೂಕವೇ ಅರ್ಧಕ್ಕಿಂತ ಜಾಸ್ತಿ. ಕೆಂಪು ಉಕ್ಕಿ ಹರಿದರೂ ಬಿಳಿ ಹಿಸ್ಟೋಗ್ರಾಮ್ ನೆಮ್ಮದಿಯಾಗಿ ನಡುವೆ ನಿಂತಿರುತ್ತದೆ. ಆದ್ದರಿಂದ ಚಿತ್ರ ನೋಡುವ ಪರದೆಯಲ್ಲಿ ಮೂರು ಬಣ್ಣ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ. ಕೆಂಪು ಗುಡ್ಡೆ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಸೇರುವ ಬೆಳಕು) ಕಡಿಮೆ ಮಾಡಬೇಕು. ಮೊದಲು ಮೈನಸ್ 0.7 ಇಟ್ಟು ನೋಡಿ, ಸಾಲದಿದ್ದರೆ ಮೈನಸ್ 1. ಕೆಂಪು ಗೋಡೆಯಿಂದ ಒಂದಿಷ್ಟು ಈಚೆಗೆ ಬಂದರೆ ಸರಿಯಾಯಿತು.

ಪರದೆಯಲ್ಲಿ ಚಿತ್ರ ಸ್ವಲ್ಪ ಮಂಕಾಗಿ ಕಾಣುತ್ತದೆ. ಹೆದರಬೇಡಿ. ರಾ ಫೈಲಿನಲ್ಲಿ ಮಂಕಾದದ್ದನ್ನು ಎತ್ತಬಹುದು. ತುಂಬಿ ಚೆಲ್ಲಿದ ಕೆಂಪನ್ನು ವಾಪಸ್ ತರುವುದು ಕಷ್ಟ.

ಕ್ಯಾಮೆರಾದ ಪಿಕ್ಚರ್ ಸ್ಟೈಲ್ ವಿವಿಡ್ ಅಥವಾ ಲ್ಯಾಂಡ್‌ಸ್ಕೇಪ್‌ನಲ್ಲಿದ್ದರೆ ಹಿಸ್ಟೋಗ್ರಾಮ್ ಸುಳ್ಳು ಹೇಳುತ್ತದೆ. ಅದು ಬಣ್ಣ ಏರಿಸಿದ ಜೆಪೆಗ್ ಆಧಾರದ ಮೇಲೆ ಬರುವಂಥದ್ದು. ನ್ಯೂಟ್ರಲ್‌ಗೆ ಬದಲಿಸಿ.

ಸೂರ್ಯ ಬೆನ್ನಿಗಿದ್ದಾಗ ಒಂದೇ ರಾ ಫೈಲ್ ಸಾಕು. ಸೂರ್ಯನಿಗೆ ಎದುರಾಗಿ ತೆಗೆಯುವಾಗ ಆಕಾಶಕ್ಕೂ ನೆಲಕ್ಕೂ ಬೆಳಕಿನ ಅಂತರ ವಿಪರೀತ. ಆಗ ಬ್ರಾಕೆಟಿಂಗ್ (ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ತೆಗೆಯುವುದು) ಆನ್ ಮಾಡಿ ಮೈನಸ್ 2, ಸೊನ್ನೆ, ಪ್ಲಸ್ 2 ಅಂತ ಮೂರು ತೆಗೆಯಿರಿ. ಚಿತ್ರದ ಮೇಲಿನ ಅರ್ಧವನ್ನು ಮಾತ್ರ ಕತ್ತಲು ಮಾಡುವ ಗ್ರಾಜುಯೇಟೆಡ್ ಫಿಲ್ಟರ್ ಇಲ್ಲಿ ಕೈಕೊಡುತ್ತದೆ. ಸಮುದ್ರದ ಅಂಚು ನೇರ, ಬಾದಾಮಿಯ ಬಂಡೆ ನೇರ ಅಲ್ಲ. ಆಕಾಶಕ್ಕೆ ಚಾಚಿದ ಬಂಡೆಯ ತಲೆ ಎಲ್ಲವೂ ಕಪ್ಪಾಗುತ್ತದೆ. ಮತ್ತೆ, ಜೂಮ್ ಲೆನ್ಸ್ ಹಾಕಿ ಒಳಗೆ ಕನ್ನಡಿ ಇರುವ (ಡಿಎಸ್‌ಎಲ್‌ಆರ್) ಕ್ಯಾಮೆರಾದ ಕಿಂಡಿಯಿಂದ ಸೂರ್ಯನನ್ನು ನೇರ ನೋಡಬೇಡಿ. ಕಣ್ಣಿಗೆ ಹಾನಿಯಾಗುತ್ತದೆ. ಪರದೆಯಲ್ಲೇ ನೋಡಿ.

ಹಂತ 6: ಆ ಇಪ್ಪತ್ತೈದು ನಿಮಿಷ

25 ನಿಮಿಷ ಉಳಿದಿದೆ ಅನ್ನುವಾಗ ಇಡೀ ದೃಶ್ಯದ ಅಗಲ ಚಿತ್ರಗಳನ್ನು ಮುಗಿಸಿ. ಐಎಸ್‌ಒ 100, ಎಫ್/8ಕ್ಕೆ ಸೆಕೆಂಡಿನ 60ನೇ ಒಂದು ಭಾಗದ ಆಸುಪಾಸಿನಿಂದ ಶುರು ಮಾಡಿ, ಹಿಸ್ಟೋಗ್ರಾಮ್ ನೋಡಿ ಸರಿಪಡಿಸಿಕೊಳ್ಳಿ.

ಬೆಳಕು ಬೇಗ ಬೇಗ ಇಳಿಯುತ್ತದೆ. ಒಂದು ಸೆಟ್ಟಿಂಗ್ ಹಾಕಿ ಮರೆತುಬಿಟ್ಟರೆ ಐದು ನಿಮಿಷದ ನಂತರದ ಚಿತ್ರಗಳು ಕತ್ತಲಾಗಿರುತ್ತವೆ. ಎರಡು ಮೂರು ನಿಮಿಷಕ್ಕೊಮ್ಮೆ ಕೆಂಪು ಪದರ ನೋಡಿ ಶಟರ್ ಹೊಂದಿಸಿ.

ನೆರಳು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲು ನೀರು, ಆಮೇಲೆ ಗುಡಿ, ಕೊನೆಗೆ ಬಂಡೆಯ ನೆತ್ತಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣ ಗುಡ್ಡದ ನೆರಳು ಹೊಂಡದ ಮೇಲೆ ಇನ್ನೂ ಬೇಗ ಚಾಚಿಕೊಳ್ಳುವ ಸಾಧ್ಯತೆ ಹೆಚ್ಚು. ಗುಡಿಯ ಮೇಲೆ ಬೆಳಕು ಬೇಕು ಅನ್ನುವವರು ಗಡಿಯಾರ ನೋಡುತ್ತಾ ಕೂರಬಾರದು, ನೆರಳಿನ ಗೆರೆ ನೋಡಬೇಕು. ಅದು ಗುಡಿಯ ಬುಡ ಮುಟ್ಟುವ ಮೊದಲೇ ನಿಮ್ಮ ಮುಖ್ಯ ಚಿತ್ರ ಆಗಿರಬೇಕು. ಗುಡಿ ನೆರಳಾದ ಮೇಲೆ ಜೂಮ್ ಹಾಕಿ, ಬೆಳಕು ಉಳಿದ ನೆತ್ತಿಯನ್ನು ಮಾತ್ರ ಬಿಡಿಸಿ ತೆಗೆಯಿರಿ. ಅಗಲ ಚಿತ್ರ ಆಗ ಬೇಡ.

ಹಂತ 7: ಸೂರ್ಯ ಮುಳುಗಿದ ಮೇಲೆ ಚೀಲ ಕಟ್ಟಬೇಡಿ

ಜನ ಎದ್ದು ಹೊರಡುವ ಹೊತ್ತಿಗೆ ಎರಡನೇ ಬೆಳಕು ಶುರುವಾಗುತ್ತದೆ. ಸೂರ್ಯ ಮುಳುಗಿ ಐದರಿಂದ ಹದಿನೈದು ನಿಮಿಷದ ನಡುವೆ ಪೂರ್ವದ ಆಕಾಶ ನೋಡಿ. ಅಂಚಿನಲ್ಲಿ ಬೂದು ನೀಲಿ ಪಟ್ಟಿ, ಅದರ ಮೇಲೆ ತೆಳು ಗುಲಾಬಿ ಪಟ್ಟಿ. ಆ ನೀಲಿ ಭೂಮಿಯದೇ ನೆರಳು. ನೀವು ಹೇಗೂ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೀರಿ. ಬಂಡೆಯ ಹಿಂದೆ ಗುಲಾಬಿ ಏರುವವರೆಗೆ ಕಾಯಿರಿ. ಪಶ್ಚಿಮದ ಆಕಾಶ ಆಗ ದೊಡ್ಡ ಮೆತ್ತನೆಯ ದೀಪವಾಗಿ ಕೆಲಸ ಮಾಡುತ್ತದೆ, ಕಲ್ಲಿನ ಮೇಲೆ ಗಡಸು ನೆರಳೇ ಇರುವುದಿಲ್ಲ.

ಹತ್ತು ನಿಮಿಷದ ನಂತರ ಶಟರ್ ಸೆಕೆಂಡಿನ ಕಾಲು ಭಾಗಕ್ಕೆ, ಇಪ್ಪತ್ತು ನಿಮಿಷಕ್ಕೆ ಒಂದೆರಡು ಸೆಕೆಂಡಿಗೆ ಬರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ. ಸುಮಾರು 22 ನಿಮಿಷಕ್ಕೆ ಈ ಬೆಳಕೂ ಮುಗಿಯುತ್ತದೆ. ರೈಲಿಗೆ ಹೋಗುವವರು ನೆನಪಿಡಿ, ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ಆಟೊ ಮೊದಲೇ ಮಾತಾಡಿಟ್ಟುಕೊಳ್ಳಿ.

ಹಂತ 8: ಎಡಿಟಿಂಗ್‌ಗೆ ಕೂರುವ ಮೊದಲು

ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ. ಆಮೇಲೆ ಕಾರ್ಡ್ ಅಳಿಸಿ.

ಪರದೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ. ಕಣ್ಣಿಗೆ ಹಿತ ಅಂತ ರಾತ್ರಿ ಹಳದಿ ಆಗುವ ಮೋಡ್ ಫೋನು, ಕಂಪ್ಯೂಟರ್ ಎರಡರಲ್ಲೂ ಇರುತ್ತದೆ. ಅದನ್ನು ಆಫ್ ಮಾಡಿ. ಅದು ಆನ್ ಇದ್ದಾಗ ಎಡಿಟ್ ಮಾಡಿದರೆ ಮರುದಿನ ಬೆಳಿಗ್ಗೆ ಚಿತ್ರ ನೀಲಿಯಾಗಿ ಕಾಣುತ್ತದೆ. ಎಷ್ಟೋ ಜನ ಇದೇ ಕಾರಣಕ್ಕೆ ಗಂಟೆಗಟ್ಟಲೆ ಸುಮ್ನೆ ಒದ್ದಾಡುತ್ತಾರೆ.

ಎಡಿಟಿಂಗ್‌ಗೆ ಕಂಪ್ಯೂಟರ್‌ನಲ್ಲಿ ಡಾರ್ಕ್‌ಟೇಬಲ್ ಉಚಿತ, ಫೋನಿನಲ್ಲಿ ಸ್ನ್ಯಾಪ್‌ಸೀಡ್ ಉಚಿತ. ಲೈಟ್‌ರೂಮ್ ಇದ್ದರೆ ಅದೂ ಸರಿ. ಕೆಳಗೆ ಹೇಳುವ ಅಂಕಿಗಳು ಲೈಟ್‌ರೂಮ್ ಅಳತೆಯವು. ಬೇರೆ ಕಡೆ ಅಂಕಿ ಬದಲಾದರೂ ಕ್ರಮ ಅದೇ.

ಹಂತ 9: ಎಡಿಟಿಂಗ್, ಇದೇ ಕ್ರಮದಲ್ಲಿ

ಮೊದಲು ಲೆನ್ಸ್ ಸರಿಪಡಿಸುವ ಗುರುತು ಹಾಕಿ, ಚಿತ್ರದ ಓರೆ ತೆಗೆಯಿರಿ. ಓರೆ ನೋಡಲು ಬಂಡೆಯ ತಲೆಯನ್ನು ನಂಬಬೇಡಿ. ಗುಡಿಯ ಕಂಬ, ಅಥವಾ ಎದುರು ದಂಡೆಯಲ್ಲಿ ನೀರು ಮುಟ್ಟುವ ಗೆರೆ ನೋಡಿ.

ಎರಡನೆಯದು ವೈಟ್ ಬ್ಯಾಲೆನ್ಸ್. ಡ್ರಾಪರ್ (ಒತ್ತಿದ ಜಾಗವನ್ನು ಬೂದಿ ಬಣ್ಣ ಅಂತ ಲೆಕ್ಕ ಹಾಕುವ ಸಾಧನ) ತೆಗೆದುಕೊಂಡು ಬಂಡೆಯ ಮೇಲೆ ಒತ್ತಿದರೆ ಕಲ್ಲು ಬೂದಿ ಬಣ್ಣಕ್ಕೆ ತಿರುಗಿ ಇಡೀ ಚಿತ್ರ ನೀಲಿಯಾಗುತ್ತದೆ. 5200 ಕೆಲ್ವಿನ್‌ನಿಂದ ಶುರು ಮಾಡಿ. ಬೆಳಕು ಬಿಳಿ ಇದ್ದಾಗ ತೆಗೆದ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಸಂಜೆಯ ಬಂಡೆ ಅದಕ್ಕಿಂತ ಬೆಚ್ಚಗಿರಬೇಕು, ಬೇರೆ ಊರಿನ ಕಲ್ಲಾಗಬಾರದು.

ಮೂರನೆಯದು ಬೆಳಕು. ಹೈಲೈಟ್ಸ್ (ಬೆಳಕಿನ ಭಾಗ) ಮೈನಸ್ 30ರಿಂದ 60. ಶ್ಯಾಡೋಸ್ (ನೆರಳಿನ ಭಾಗ) ಪ್ಲಸ್ 15ರಿಂದ 30, ಅದಕ್ಕಿಂತ ಜಾಸ್ತಿ ಬೇಡ. ನೆರಳನ್ನು ಪೂರ್ತಿ ಎತ್ತಿದರೆ ಸಂಜೆಯೇ ಹೋಗಿಬಿಡುತ್ತದೆ, ಕಪ್ಪಿನಲ್ಲಿ ಬಣ್ಣದ ಚುಕ್ಕಿಗಳು ಏಳುತ್ತವೆ. ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ. ಮಬ್ಬಿದ್ದರೆ ಡಿಹೇಜ್ ಪ್ಲಸ್ 10ರವರೆಗೆ. ಕ್ಲಾರಿಟಿ (ಅಂಚುಗಳನ್ನು ಎದ್ದು ಕಾಣಿಸುವುದು) 15 ದಾಟಬೇಡಿ.

ನಾಲ್ಕನೆಯದು ಜಾಗಕ್ಕೆ ತಕ್ಕ ತಿದ್ದುಪಡಿ. ಆಕಾಶಕ್ಕೆ ಬೇರೆ ಮಾಸ್ಕ್ (ತಿದ್ದುಪಡಿ ತಾಗಬೇಕಾದ ಜಾಗದ ಗುರುತು), ಬಂಡೆಗೆ ಬೇರೆ. ಬಂಡೆಯ ಮಾಸ್ಕ್‌ನಲ್ಲಿ ಟೆಕ್ಸ್ಚರ್ ಸ್ವಲ್ಪ ಏರಿಸಿದರೆ ಕಲ್ಲಿನ ಪದರಗಳು ಎದ್ದು ಕಾಣುತ್ತವೆ. ಬಿಂಬವನ್ನು ನಿಜವಾದ ಬಂಡೆಗಿಂತ ಬೆಳ್ಳಗೆ ಮಾಡಬೇಡಿ. ನೀರಿನಲ್ಲಿ ಬಿಂಬ ಯಾವಾಗಲೂ ಮೂಲಕ್ಕಿಂತ ಮಂಕು. ಉಲ್ಟಾ ಆದರೆ, ಏನು ತಪ್ಪಾಗಿದೆ ಅಂತ ಹೇಳಲು ಬಾರದವರಿಗೂ ಚಿತ್ರ ಸುಳ್ಳು ಅನ್ನಿಸುತ್ತದೆ.

ಬಣ್ಣ ಐದನೆಯದು. ಸ್ಯಾಚುರೇಶನ್ ಸೊನ್ನೆಯಲ್ಲೇ ಬಿಡಿ. ಅದು ಎಲ್ಲ ಬಣ್ಣವನ್ನೂ ಒಂದೇ ಸಮ ಏರಿಸುತ್ತದೆ, ಮೊದಲು ಕೆಡುವುದು ಈಗಾಗಲೇ ತುಂಬಿರುವ ಕೆಂಪೇ. ವೈಬ್ರನ್ಸ್ (ಮಂಕಾದ ಬಣ್ಣಗಳನ್ನೇ ಹೆಚ್ಚಾಗಿ ಏರಿಸುವುದು) 5ರಿಂದ 10 ಕೊಡಿ. ಬಣ್ಣಗಳನ್ನು ಬೇರೆ ಬೇರೆ ತಿದ್ದುವ ಜಾಗದಲ್ಲಿ ಕೆಂಪನ್ನು ಚೂರೇ ಚೂರು ಕಿತ್ತಳೆಯ ಕಡೆ ತಿರುಗಿಸಿ, ಕಿತ್ತಳೆಯ ಲ್ಯೂಮಿನನ್ಸ್ (ಆ ಬಣ್ಣದ ಬೆಳಕು) ಸ್ವಲ್ಪ ಏರಿಸಿ. ಬಂಡೆ ಹೊಳೆಯುತ್ತದೆ, ಆದರೆ ಉರಿಯುವುದಿಲ್ಲ. ಬಣ್ಣ ಏರಿಸುವುದಕ್ಕಿಂತ ಬಣ್ಣದ ಬೆಳಕು ಏರಿಸುವುದು ಈ ಕಲ್ಲಿಗೆ ಹೆಚ್ಚು ಒಗ್ಗುತ್ತದೆ.

ಕೊನೆಗೆ ಸೆನ್ಸರ್ ಧೂಳಿನ ಚುಕ್ಕೆ ಅಳಿಸಿ. ಆಕಾಶವನ್ನು ನೂರು ಪ್ರತಿಶತಕ್ಕೆ ದೊಡ್ಡದು ಮಾಡಿ ಹುಡುಕಿ. ಆಮೇಲೆ ನಾಯ್ಸ್ ಇಳಿಸಿ, ಶಾರ್ಪನಿಂಗ್ ಹಾಕಿ. ಶಾರ್ಪನಿಂಗ್ ಬಂಡೆಗೆ ಮಾತ್ರ ತಾಗಲಿ, ಆಕಾಶಕ್ಕೆ ಬೇಡ.

ಬ್ರಾಕೆಟ್ ಮಾಡಿದ ಮೂರು ಚಿತ್ರ ಸೇರಿಸುವವರು ನೀರಿನ ಮೇಲೆ ಕಣ್ಣಿಡಿ. ಅಲೆ ಮೂರರಲ್ಲೂ ಬೇರೆ ಬೇರೆ ಇರುವುದರಿಂದ ಕಲಸಿದಂತೆ ಕಾಣುತ್ತದೆ. ನೀರಿನ ಭಾಗಕ್ಕೆ ಒಂದೇ ಚಿತ್ರ ಬಳಸಿ.

ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಬಂಡೆಯ ಅಂಚಿನ ಸುತ್ತ ಬಿಳಿ ಗೆರೆ ಕಂಡರೆ ಕ್ಲಾರಿಟಿ ಅಥವಾ ಶ್ಯಾಡೋಸ್ ಜಾಸ್ತಿಯಾಗಿದೆ. ಆಕಾಶ ನೇರಳೆಗೆ ತಿರುಗಿದರೆ ವೈಟ್ ಬ್ಯಾಲೆನ್ಸ್‌ನ ಟಿಂಟ್ ನೋಡಿ. ಮರದ ಎಲೆ ಹಳದಿಯಾದರೆ ಟೆಂಪರೇಚರ್ ಅತಿಯಾಗಿದೆ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಬಂದರೆ ನೀವು ಜೆಪೆಗ್ ಮೇಲೆ ಕೆಲಸ ಮಾಡುತ್ತಿದ್ದೀರಿ, ಅಥವಾ ಬಣ್ಣ ಅತಿಯಾಗಿ ಎಳೆದಿದ್ದೀರಿ. ಚಿತ್ರದಲ್ಲಿ ಮನುಷ್ಯರಿದ್ದರೆ ಅವರ ಮೈಬಣ್ಣ ನೋಡುವುದು ಎಲ್ಲಕ್ಕಿಂತ ಸುಲಭ ಪರೀಕ್ಷೆ. ಅದು ಕಿತ್ತಳೆಯಾಗಿದ್ದರೆ ಬಂಡೆಯೂ ಕೆಟ್ಟಿದೆ.

ಮುಗಿಸಿದ ಮೇಲೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಗಲು ಬೆಳಕಿನಲ್ಲಿ ಮತ್ತೆ ನೋಡಿ. ಬಹುಮಟ್ಟಿಗೆ ಎಲ್ಲ ಸ್ಲೈಡರ್‌ಗಳನ್ನೂ ಸ್ವಲ್ಪ ಹಿಂದಕ್ಕೆ ಎಳೆಯಬೇಕು ಅನ್ನಿಸುತ್ತದೆ. ಎಳೆಯಿರಿ.

ಹಂತ 10: ಉಳಿಸುವುದು, ಕಳಿಸುವುದು, ಪ್ರಿಂಟ್

ಫೋನಿನಲ್ಲಿ ನೋಡುವವರಿಗೆ ಎಸ್‌ಆರ್‌ಜಿಬಿ (ಹೆಚ್ಚಿನ ಪರದೆಗಳಿಗೆ ಹೊಂದುವ ಬಣ್ಣದ ಅಳತೆ) ಆಯ್ಕೆ ಮಾಡಿ, ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 85ರಿಂದ 90. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದರೆ ಕೆಲವು ಪರದೆಗಳಲ್ಲಿ ಬಂಡೆಯ ಕೆಂಪು ಸತ್ತಂತೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಸಣ್ಣದು ಮಾಡುತ್ತದೆ.

12x18 ಇಂಚಿನ ಪ್ರಿಂಟ್ ಹಾಕಿಸಲು, ಇಂಚಿಗೆ 300 ಚುಕ್ಕಿಯಂತೆ 3600x5400 ಪಿಕ್ಸೆಲ್ ಬೇಕು. ಕಾಗದಕ್ಕೆ ಪರದೆಯ ಹಾಗೆ ಒಳಗಿನ ಬೆಳಕಿಲ್ಲ, ಹಾಗಾಗಿ ಪ್ರಿಂಟ್‌ಗೆ ಕೊಡುವ ಪ್ರತಿಯ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ಸ್ಟುಡಿಯೊದವರಿಗೆ "ಕಲರ್ ಕರೆಕ್ಷನ್ ಏನೂ ಮಾಡಬೇಡ್ರಿ, ಇದ್ದ ಹಾಂಗ ಹಾಕ್ರಿ" ಅಂತ ಬಾಯಿ ಬಿಟ್ಟು ಹೇಳಿ. ಮೊದಲು 4x6ರ ಒಂದು ಸಣ್ಣ ಪ್ರತಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಿಂದ ಹೊರಗೆ ತಂದು ಹಗಲಲ್ಲಿ ನೋಡಿ. ಬಂಡೆಯ ಗೆರೆಗಳು ಅದರಲ್ಲೂ ಎಣಿಸಲು ಬರುವ ಹಾಗಿದ್ದರೆ ದೊಡ್ಡದಕ್ಕೆ ಹೇಳಿ.